ನರೆತ ಗಡ್ಡಕ್ಕೆ ಮುಂಚಿನ ಮಾರ್ಕ್ಸ್: ಯೌವನದ ಚರಿತ್ರೆಗೆ ಯಾವ ವಿನ್ಯಾಸ ಒಪ್ಪುತ್ತದೆ?

ಕ್ರಾಂತಿಕಾರಿ ಚಿಂತಕನೊಬ್ಬನ ಇಡೀ ಬದುಕಿನ ಪುಸ್ತಕ ಕಟ್ಟುವುದು ಒಂದು ಕೆಲಸ. ಅವನ ಮೊದಲ ಇಪ್ಪತ್ತೈದು ವರ್ಷಗಳದ್ದು ಬೇರೆಯೇ ಕೆಲಸ. ಎರಡನೆಯದರಲ್ಲಿ ಓದುಗರಿಗೆ ಗೊತ್ತಿರುವುದು ಕಥಾನಾಯಕನಿಗೆ ಗೊತ್ತಿರುವುದಿಲ್ಲ. 1837ರ ನವೆಂಬರಿನಲ್ಲಿ ಬರ್ಲಿನ್ನಿನಿಂದ ಅಪ್ಪನಿಗೆ ಉದ್ದನೆಯ ಪತ್ರ ಬರೆದ ಹತ್ತೊಂಬತ್ತರ ಹುಡುಗ ಕಾನೂನು ಓದಬೇಕೋ, ಕವಿತೆ ಬರೆಯಬೇಕೋ, ಹೆಗೆಲ್‌ನ ತತ್ವಶಾಸ್ತ್ರಕ್ಕೆ ಇಳಿಯಬೇಕೋ ಎಂದು ಒದ್ದಾಡುತ್ತಿದ್ದ. ಕಾರ್ಲ್ ಮಾರ್ಕ್ಸ್ ಎಂಬ ಹೆಸರು ಕಂಡೊಡನೆ ಓದುಗರ ಕಣ್ಣಿಗೆ ಬರುವುದಾದರೋ ಬಿಳಿಗಡ್ಡ, ಕೆಂಬಾವುಟ, ದಪ್ಪ ದಪ್ಪ ಸಂಪುಟಗಳು. ಲೇಖಕರು ಎಷ್ಟೇ ಎಚ್ಚರದಿಂದ ಬರೆದಿರಲಿ, ವಿನ್ಯಾಸಕಾರರು ಮುಖಪುಟದಲ್ಲೇ ಮುಂದಿನದನ್ನೆಲ್ಲ ಹೇಳಿಬಿಟ್ಟರೆ ಒಳಗಿನ ಒದ್ದಾಟಕ್ಕೆ ಬೆಲೆ ಉಳಿಯುವುದಿಲ್ಲ.

ಹಾಗಾಗಿ ಇಲ್ಲಿ ಹೋಲಿಸುವ ಎಲ್ಲ ಆಯ್ಕೆಗಳಿಗೂ ನನ್ನ ಅಳತೆಗೋಲು ಒಂದೇ: ಆ ವಯಸ್ಸಿನಲ್ಲಿ ಆ ಹುಡುಗನಿಗೆ ಗೊತ್ತಿಲ್ಲದ್ದನ್ನು ಆ ಪುಟವೂ ಹೇಳಬಾರದು. ಮಾರ್ಕ್ಸ್‌ನನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಅವನ ಯೌವನದ ಕಾಗದಪತ್ರಗಳು ಸಾಕಷ್ಟು ಉಳಿದಿವೆ, ಚಿತ್ರಗಳು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ವಿನ್ಯಾಸದ ಕಷ್ಟಗಳೆಲ್ಲ ಹುಟ್ಟುವುದು ಅಲ್ಲೇ.

ಮುಖಪುಟಕ್ಕೆ ಯಾರ ಮುಖ?

ಮೊದಲ ದಾರಿ, ಎಲ್ಲರೂ ಬಲ್ಲ ಮುಖ. 1875ರಲ್ಲಿ ಲಂಡನ್ನಿನಲ್ಲಿ ಮೇಯಾಲ್ ತೆಗೆದ ಫೋಟೊ ಅದು: ಕುರ್ಚಿಯಲ್ಲಿ ಕುಳಿತ ಭಂಗಿ, ಕೋಟಿನೊಳಗೆ ತೂರಿಸಿದ ಕೈ, ಮುಖ ತುಂಬ ಗಡ್ಡ. ಮಾರಾಟದ ಕಡೆಯವರು ಇದನ್ನೇ ಕೇಳುತ್ತಾರೆ, ಅವರ ವಾದದಲ್ಲಿ ಹುರುಳಿಲ್ಲದೆಯೂ ಇಲ್ಲ. ಅಂಗಡಿಯ ಕಪಾಟಿನಲ್ಲಿ ಎರಡು ಸೆಕೆಂಡಿನಲ್ಲಿ ಗುರುತು ಹತ್ತುತ್ತದೆ. ಆದರೆ ಅಲ್ಲಿ ಕುಳಿತವನಿಗೆ ಐವತ್ತೇಳು ವರ್ಷ. ಪುಸ್ತಕದೊಳಗೆ ಆ ಮನುಷ್ಯ ಒಂದೇ ಒಂದು ಪುಟದಲ್ಲೂ ಬರುವುದಿಲ್ಲ. ಮುದುಕನ ಮುಖವನ್ನು ಹಿನ್ನೆಲೆಯಲ್ಲಿ ಮಸುಕಾಗಿಟ್ಟು ಅದರ ಮೇಲೆ ತರುಣನನ್ನು ಕೂರಿಸುವ ರಾಜಿಸೂತ್ರ ಇನ್ನೂ ಕೆಟ್ಟದ್ದು. 'ಇವನು ಅವನಾಗಲೆಂದೇ ಹುಟ್ಟಿದ್ದ' ಎಂಬ ವಾದವನ್ನು ಲೇಖಕರ ಒಪ್ಪಿಗೆಯಿಲ್ಲದೆ ಚಿತ್ರವೇ ಮಂಡಿಸಿಬಿಡುತ್ತದೆ. (ಆ ಗಡ್ಡದ ಮೇಲೆ ಅದರ ಒಡೆಯನಿಗೇ ನಮ್ಮಷ್ಟು ಭಕ್ತಿ ಇದ್ದಂತಿಲ್ಲ. 1882ರಲ್ಲಿ ಅಲ್ಜಿಯರ್ಸ್‌ನಲ್ಲಿ ಕೊನೆಯದಾಗಿ ಒಂದು ಫೋಟೊ ತೆಗೆಸಿಕೊಂಡು, ಗಡ್ಡ ತೆಗೆಸಿಬಿಟ್ಟೆ ಎಂದು ಗೆಳೆಯ ಎಂಗೆಲ್ಸ್‌ಗೆ ಬರೆದ.)

ಎರಡನೆಯದು, 1836ರ ಕಲ್ಲಚ್ಚಿನ ಚಿತ್ರ. ಬಾನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ, ಮಾರ್ಕ್ಸ್‌ನ ಹುಟ್ಟೂರಾದ ಟ್ರಿಯರ್‌ನ ಹುಡುಗರ ಗುಂಪೊಂದು ಗೋಡೆಸ್‌ಬರ್ಗ್‌ನ ಹೋಟೆಲೊಂದರ ಮುಂದೆ ಕಲೆತಿದೆ, ಅವರ ನಡುವೆ ಮಾರ್ಕ್ಸ್ ಇದ್ದಾನೆ. ಈ ಚಿತ್ರವನ್ನು ಬಳಸುವುದಕ್ಕೂ ಎರಡು ಬಗೆ. ಗುಂಪಿನಿಂದ ಆ ಒಂದು ಮುಖವನ್ನು ಕತ್ತರಿಸಿ ದೊಡ್ಡದು ಮಾಡುವುದು ಚಾಲ್ತಿಯಲ್ಲಿರುವ ಬಗೆ. ಮುಖ ಮೂಲದಲ್ಲಿ ತೀರ ಚಿಕ್ಕದು. ಹಿಗ್ಗಿಸಿದರೆ ಉಳಿಯುವುದು ನಾಲ್ಕು ಗೆರೆ, ಆಮೇಲೆ ಯಾರೋ ಅದನ್ನು ತಿದ್ದಿ ತೀಡುತ್ತಾರೆ. ಇವತ್ತು 'ವಿದ್ಯಾರ್ಥಿ ಮಾರ್ಕ್ಸ್' ಎಂದು ಎಲ್ಲೆಡೆ ಓಡಾಡುವ ಒಂಟಿ ಮುಖಗಳು ಹೀಗೆ ನಂತರದ ಕಲಾವಿದರ ಕೈಯಲ್ಲಿ ಚೂಪಾದ ಕಣ್ಣು, ಗಂಭೀರ ಹುಬ್ಬು ಪಡೆದುಕೊಂಡವು. ಇನ್ನೊಂದು ಬಗೆ, ಇಡೀ ಗುಂಪನ್ನು ಹಾಗೆಯೇ ಬಿಡುವುದು. ಬಾಣದ ಗುರುತು ಬೇಡ, ಸುತ್ತ ವೃತ್ತವೂ ಬೇಡ. ಪುಸ್ತಕ ಕೈಗೆತ್ತಿಕೊಂಡವರು 'ಇವರಲ್ಲಿ ಯಾರು ಅವನು?' ಎಂದು ಹುಡುಕಲಿ. ಆ ಹುಡುಕಾಟವೇ ಪುಸ್ತಕದ ವಿಷಯ. ನನ್ನ ಮೊದಲ ಆಯ್ಕೆ ಇದು. ತೊಂದರೆಯೊಂದಿದೆ: ಫೋನಿನ ಪರದೆಯಲ್ಲಿ ಉಗುರಿನಷ್ಟು ಚಿಕ್ಕದಾಗಿ ಕಂಡಾಗ ಗುಂಪು ಬರೀ ಕಲೆಯಂತೆ ಕಾಣುತ್ತದೆ. ಆಗ ಹೆಸರಿನ ಅಕ್ಷರಗಳು ದೊಡ್ಡದಾಗಿದ್ದು ಭಾರ ಹೊರಬೇಕು.

ಮೂರನೆಯದು, 1843ರ ಪ್ರೊಮೀಥಿಯಸ್ ಚಿತ್ರ. ಮಾರ್ಕ್ಸ್ ಸಂಪಾದಕನಾಗಿದ್ದ, ಕಲೋನ್‌ನ ರೈನಿಷ್ ಝೈಟುಂಗ್ ಪತ್ರಿಕೆಯನ್ನು ಪ್ರಶ್ಯದ ಸರ್ಕಾರ ಮುಚ್ಚಿಸಿದಾಗ ಬಂದ ರೂಪಕಚಿತ್ರವಿದು. ಗ್ರೀಕ್ ಪುರಾಣದಲ್ಲಿ ಬಂಡೆಗೆ ಬಿಗಿಸಿಕೊಂಡ ಪ್ರೊಮೀಥಿಯಸ್‌ನಂತೆ ಮುದ್ರಣಯಂತ್ರಕ್ಕೆ ಬಿಗಿದ ತರುಣ ಮಾರ್ಕ್ಸ್, ಅವನ ಎದೆ ಕುಕ್ಕುವ ಪ್ರಶ್ಯದ ಹದ್ದು, ಮೇಲೆ ಕುಳಿತ ಅಳಿಲು. ಅಳಿಲು ಎಂದರೆ ಶಿಕ್ಷಣ ಮಂತ್ರಿ ಐಶ್‌ಹಾರ್ನ್, ಜರ್ಮನ್‌ನಲ್ಲಿ ಅಳಿಲನ್ನು ನೆನಪಿಸುವ ಅವನ ಹೆಸರಿನ ಮೇಲಿನ ಕುಚೋದ್ಯ. ಚಿತ್ರದಲ್ಲಿ ನಾಟಕವಿದೆ, ಬಿಡಲು ಮನಸ್ಸಾಗುವುದಿಲ್ಲ. ಆದರೆ ವಿವರಣೆಯಿಲ್ಲದೆ ಓದಲಾಗದ ಚಿತ್ರ ಮುಖಪುಟಕ್ಕೆ ಸಲ್ಲದು. ಅದು ಪುಸ್ತಕದ ಕೊನೆಯ ಘಟನೆಗಳಿಗೆ ಸೇರಿದ್ದು ಕೂಡ. ಒಳಗೆ, ಪತ್ರಿಕೆ ಮುಚ್ಚುವ ಅಧ್ಯಾಯದ ಎದುರುಪುಟದಲ್ಲಿ ಪೂರ್ತಿ ಪುಟಕ್ಕೆ ಕೊಟ್ಟರೆ ಅದರ ಬೆಲೆ ಗೊತ್ತಾಗುತ್ತದೆ.

ನಾಲ್ಕನೆಯದು, ಮುಖವೇ ಇಲ್ಲದ ಮುಖಪುಟ: ಬರೀ ಅಕ್ಷರ, ಇಲ್ಲವೇ ಕೈಬರಹದ ತುಣುಕು. ಮಾರ್ಕ್ಸ್‌ನ ವಿಷಯದಲ್ಲಿ ಇದಕ್ಕೆ ಎರಡನೇ ಸ್ಥಾನ ಕೊಡುತ್ತೇನೆ. ಬೇರೆ ಕೆಲವರಿಗೆ ಇದೇ ಮೊದಲನೆಯದು. ತತ್ವಜ್ಞಾನಿ ಸ್ಪಿನೋಝಾನನ್ನು ನೋಡಿ. 1656ರ ಜುಲೈ 27ರಂದು ಆಮ್‌ಸ್ಟರ್‌ಡ್ಯಾಮಿನ ಪೋರ್ಚುಗೀಸ್ ಯಹೂದಿ ಸಮುದಾಯ ಅವನಿಗೆ ಬಹಿಷ್ಕಾರ ಹಾಕಿದಾಗ ಅವನಿಗೆ ಇಪ್ಪತ್ತಮೂರು ವರ್ಷ, ಒಂದು ಪುಸ್ತಕವನ್ನೂ ಪ್ರಕಟಿಸಿರಲಿಲ್ಲ. ಸಮುದಾಯದ ದಾಖಲೆ ಪುಸ್ತಕದಲ್ಲಿ ಬರೆದಿಟ್ಟ ಆ ಬಹಿಷ್ಕಾರದ ಪಾಠ ಉಳಿದಿದೆ. ಅವನ ಯೌವನದ ಪುಸ್ತಕಕ್ಕೆ ಅದಕ್ಕಿಂತ ಪ್ರಾಮಾಣಿಕ ಮುಖಪುಟ ನನಗೆ ಹೊಳೆಯುವುದಿಲ್ಲ. 1871ರಲ್ಲಿ ಹುಟ್ಟಿದ ಕ್ರಾಂತಿಕಾರಿ ರೋಸಾ ಲಕ್ಸೆಂಬರ್ಗ್ ವಿಷಯ ಇದಕ್ಕೆ ತದ್ವಿರುದ್ಧ. ಆಕೆಯ ಬಾಲ್ಯದ ಫೋಟೊ ಸಿಗುತ್ತದೆ. ಅಪಾಯವಿರುವುದು ಸಿಗುವುದರಲ್ಲೇ. 1919ರಲ್ಲಿ ಆಕೆಯ ಕೊಲೆಯಾದದ್ದು ಗೊತ್ತಿರುವ ಕಣ್ಣು ಆ ಮಗುವಿನ ಮುಖದಲ್ಲಿ ಇಲ್ಲದ ವಿಷಾದ ಓದುತ್ತದೆ. ಅಂಥ ಫೋಟೊವನ್ನು ಕಪ್ಪು ಹಿನ್ನೆಲೆ, ದಪ್ಪ ಅಂಚು ಇಟ್ಟು ಸ್ಮರಣಸಂಚಿಕೆಯ ಹಾಗೆ ಮಾಡದಿದ್ದರೆ ಅಷ್ಟೇ ಸಾಕು.

ಬಣ್ಣ, ಅಕ್ಷರ

ಕೆಂಪು ಬೇಕೇ? ಕೆಂಪು-ಕಪ್ಪು, ಓರೆಗೆರೆ, ತ್ರಿಕೋನ, ದಪ್ಪನೆಯ ಮೊನಚು ಅಕ್ಷರ: ಇವೆಲ್ಲ ಕಲಾವಿದ ಎಲ್ ಲಿಸಿಟ್ಸ್ಕಿಯ ಕಾಲದ ರಷ್ಯದವು, ಅಂದರೆ 1919ರ ಆಸುಪಾಸಿನವು. ನಮ್ಮ ಹುಡುಗ ಟ್ರಿಯರ್‌ನಲ್ಲಿ ಶಾಲೆಗೆ ಹೋಗುತ್ತಿದ್ದುದು 1830ರಿಂದ 1835ರವರೆಗೆ. ಎಂಬತ್ತೈದು ವರ್ಷ ಮುಂದಿನ ಬಟ್ಟೆಯನ್ನು ಅವನಿಗೆ ತೊಡಿಸಿದಂತಾಗುತ್ತದೆ. ಹಾಗಾದರೆ ಆ ಕಾಲದ ಬಂಡಾಯದ ಬಣ್ಣ ಯಾವುದು? ಜರ್ಮನ್ ನಾಡುಗಳಲ್ಲಿ ಅದು ಕಪ್ಪು-ಕೆಂಪು-ಹೊಂಬಣ್ಣ. 1832ರಲ್ಲಿ ಸ್ವಾತಂತ್ರ್ಯ, ಏಕತೆ ಕೇಳಿ ಜನ ಸೇರಿದ ಹಂಬಾಕ್ ಮೇಳದಲ್ಲಿ ಹಾರಿದ್ದು ಆ ಬಾವುಟ. ಚರಿತ್ರೆಯ ದೃಷ್ಟಿಯಿಂದ ಸರಿ, ವಿನ್ಯಾಸದ ದೃಷ್ಟಿಯಿಂದ ಕೈಕೊಡುತ್ತದೆ. ಇಂದಿನ ಓದುಗರಿಗೆ ಅದು ಜರ್ಮನಿಯ ರಾಷ್ಟ್ರಧ್ವಜ, ಬಂಡಾಯವಲ್ಲ, ಫುಟ್‌ಬಾಲ್ ಪಂದ್ಯ. ಕಾಲಕ್ಕೆ ನಿಷ್ಠವಾಗಿದ್ದೂ ಕಣ್ಣನ್ನು ದಾರಿ ತಪ್ಪಿಸುವ ಬಣ್ಣಕ್ಕಿಂತ, ಹಳೆಯ ಪತ್ರಿಕೆಯ ಕಾಗದದ ಮಾಸಲು ಬಿಳುಪು, ಇಂಕಿನ ಕಂದು, ಇವೆರಡರಲ್ಲೇ ನಿಲ್ಲುವುದು ವಾಸಿ. ಕೆಂಪು ಬೇಕೇ ಬೇಕೆಂದು ಪ್ರಕಾಶಕರು ಹಟ ಹಿಡಿದರೆ ಬೆನ್ನುಪಟ್ಟಿಗೆ ಕೊಟ್ಟುಬಿಡಿ, ಕಪಾಟಿನಲ್ಲಿ ಕಾಣುವುದು ಅದೇ.

ಅಕ್ಷರದ ವಿಷಯದಲ್ಲೂ ಇದೇ ಬಲೆ. ಆಗಿನ ಜರ್ಮನ್ ಪತ್ರಿಕೆಗಳು ಫ್ರಾಕ್ಟೂರ್ ಎಂಬ ಕೋನಕೋನದ ಗೋಥಿಕ್ ಲಿಪಿಯಲ್ಲಿ ಅಚ್ಚಾಗುತ್ತಿದ್ದವು. ಅದನ್ನು ಮುಖಪುಟಕ್ಕೆ ತಂದರೆ ಕಾಲ ಬರುತ್ತದೆ, ಜೊತೆಗೆ ಹಿಟ್ಲರನೂ ಬರುತ್ತಾನೆ. 1941ರ ಜನವರಿಯಲ್ಲಿ ನಾಝಿ ಸರ್ಕಾರವೇ ಆ ಲಿಪಿಯನ್ನು ಕೈಬಿಟ್ಟಿತ್ತು ಎಂಬ ಸಂಗತಿ ಎಷ್ಟು ಜನಕ್ಕೆ ಗೊತ್ತು? ಸಿನಿಮಾಗಳು ಕಲಿಸಿದ ಕಣ್ಣು ಅದನ್ನು ಬೇರೆ ರೀತಿಯೇ ಓದುತ್ತದೆ. ರೋಮನ್ ಅಕ್ಷರಗಳು ಬೇಕಾದ ಕಡೆ 1800ರ ಸುಮಾರಿಗೆ ವಾಲ್‌ಬೌಮ್ ಕೊರೆದ ಅಕ್ಷರಮಾದರಿ ಒಳ್ಳೆಯದು. ಜರ್ಮನ್ ನೆಲದ್ದು, ಆ ಹುಡುಗನ ಕಣ್ಣಿಗೂ ಹೊಸದಲ್ಲ, ನಮ್ಮ ಕಣ್ಣಿಗೂ ಹಿತ.

ಕನ್ನಡದಲ್ಲಿ ಪುಟ ಕಟ್ಟುವವರಿಗೆ ಇನ್ನೊಂದು ತೊಡಕು. ಇಂಥ ಪುಸ್ತಕದಲ್ಲಿ ಎರಡು ದನಿ ಸದಾ ಅಕ್ಕಪಕ್ಕ ಇರುತ್ತವೆ, ಲೇಖಕರದೊಂದು, ತರುಣನ ಪತ್ರ-ಪದ್ಯಗಳದೊಂದು. ರೋಮನ್ ಲಿಪಿಯವರು ಎರಡನೆಯದನ್ನು ಇಟಾಲಿಕ್‌ಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಕನ್ನಡಕ್ಕೆ ಆ ಪರಂಪರೆ ಇಲ್ಲ. ಕಂಪ್ಯೂಟರು ಓರೆ ಮಾಡಿಕೊಟ್ಟ ಕನ್ನಡ ಅಕ್ಷರ ಎಡವಿ ಬೀಳುತ್ತಿರುವಂತೆ ಕಾಣುತ್ತದೆ, ಒತ್ತಕ್ಷರಗಳು ಎಲ್ಲೋ ಜಾರಿರುತ್ತವೆ. ಉಳಿಯುವ ಆಯ್ಕೆ ಮೂರು: ಅಂಚಿನಿಂದ ಒಳಕ್ಕೆ ಸರಿಸುವುದು, ಒಂದು ಪಾಯಿಂಟ್ ಕಿರಿದಾಗಿಸುವುದು, ಬೇರೆ ಫಾಂಟ್ ಬಳಸುವುದು. ಒಳಕ್ಕೆ ಸರಿಸುವುದೊಂದೇ ಸಾಕೆನ್ನುವುದು ನನ್ನ ಅಭಿಪ್ರಾಯ. ಕಿರಿದು ಮಾಡಿದರೆ ಹುಡುಗನ ಮಾತೇ ಅಡಿಟಿಪ್ಪಣಿಯ ಮಟ್ಟಕ್ಕೆ ಇಳಿಯುತ್ತದೆ. ಸಾಲುಗಳ ನಡುವೆ ಜಿಪುಣತನ ಬೇಡ. 11 ಪಾಯಿಂಟಿನ ಅಕ್ಷರಕ್ಕೆ 16ರಷ್ಟಾದರೂ ಸಾಲಂತರ ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಅಧ್ಯಾಯಗಳ ಜೋಡಣೆ: ವರ್ಷ, ಊರು, ಕಾಗದ

ವರ್ಷದ ಪ್ರಕಾರ ಹೋಗುವುದು ಸುಲಭ, ಸುರಕ್ಷಿತ. 1818ರ ಮೇ 5ರಿಂದ ಶುರು. ಆದರೆ ಉಳಿದಿರುವ ಆಧಾರಗಳು ವರ್ಷಗಳ ಮೇಲೆ ಸಮವಾಗಿ ಹರಡಿಕೊಂಡಿಲ್ಲ. ಬಾಲ್ಯದ ಹದಿನೇಳು ವರ್ಷಕ್ಕೆ ಸಿಗುವುದು ಬೆರಳೆಣಿಕೆಯ ಸಂಗತಿಗಳು, 1842ರ ಒಂದೇ ವರ್ಷಕ್ಕೆ ರಾಶಿ ರಾಶಿ. ಸಮಪಾಲು ಅಧ್ಯಾಯ ಮಾಡಹೊರಟರೆ ಮೊದಲ ಭಾಗವನ್ನು ಊಹೆಯಿಂದ ತುಂಬಿಸಬೇಕಾಗುತ್ತದೆ.

ಊರಿನ ಪ್ರಕಾರ ಜೋಡಿಸಿದರೆ ಈ ಏರುಪೇರು ಸಹಜವಾಗುತ್ತದೆ. ಟ್ರಿಯರ್, ಬಾನ್, ಬರ್ಲಿನ್, ಕಲೋನ್, ಕ್ರೊಯ್ಟ್ಸ್‌ನಾಖ್, ಪ್ಯಾರಿಸ್. ಬಾನ್‌ನಲ್ಲಿ ಕಳೆದದ್ದು ಒಂದು ವರ್ಷ, ಕುಡಿದು ಗಲಾಟೆ ಮಾಡಿದ್ದಕ್ಕೆ ಒಂದು ದಿನ ವಿಶ್ವವಿದ್ಯಾಲಯದ ಬಂಧನದಲ್ಲಿದ್ದದ್ದೂ ಅಲ್ಲೇ. ಅಧ್ಯಾಯ ಚಿಕ್ಕದಾದರೆ ಯಾರೂ ಕೇಳುವುದಿಲ್ಲ. ಕ್ರೊಯ್ಟ್ಸ್‌ನಾಖ್ ಒಂದು ಬೇಸಿಗೆ, 1843ರ ಜೂನ್ 19ರಂದು ಜೆನ್ನಿಯೊಡನೆ ಮದುವೆ, ಜೊತೆಗೆ ಹೆಗೆಲ್ ಮೇಲಿನ ಟಿಪ್ಪಣಿಗಳು. ಪ್ರತಿ ಅಧ್ಯಾಯದ ಆರಂಭಕ್ಕೆ ಆ ಊರಿನ ಆಗಿನ ನಕ್ಷೆ ಇಡಬಹುದು, ಮುಖದ ಚಿತ್ರಗಳಿಲ್ಲದ ಕೊರತೆಯನ್ನು ಅದು ತುಂಬುತ್ತದೆ. ಓದುಗರು ಹೊಸಬರಾದರೆ ಈ ಜೋಡಣೆಯನ್ನೇ ಹಿಡಿಯಿರಿ.

ಮೂರನೆಯದು ಒಂದೊಂದು ಕಾಗದವನ್ನು ಹಿಡಿದು ಅಧ್ಯಾಯ ಕಟ್ಟುವುದು: 1835ರ ಶಾಲಾ ಪ್ರಬಂಧ, ಜೆನ್ನಿಗಾಗಿ ಬರೆದ ಪದ್ಯಗಳ ಪುಸ್ತಕಗಳು, 1837ರ ಪತ್ರ, 1841ರಲ್ಲಿ ಯೇನಾ ವಿಶ್ವವಿದ್ಯಾಲಯ ಕೊಟ್ಟ ಡಾಕ್ಟರೇಟ್ ಪದವಿಯ ಪತ್ರ, ಕಾಡಿನ ಸೌದೆ ಕಳವಿನ ಕಾನೂನಿನ ಮೇಲೆ 1842ರಲ್ಲಿ ಬರೆದ ಪತ್ರಿಕಾ ಲೇಖನಗಳು. ಈಗಾಗಲೇ ಮಾರ್ಕ್ಸ್ ಬಗ್ಗೆ ಓದಿಕೊಂಡವರಿಗೆ ಇದರಷ್ಟು ರುಚಿ ಬೇರಾವುದರಲ್ಲೂ ಇಲ್ಲ. ವಿನ್ಯಾಸಕಾರರಿಗೂ ಕೈತುಂಬ ಕೆಲಸ.

ಯಾವ ಜೋಡಣೆಯಾದರೂ ಪ್ರತಿ ಪುಟದ ತಲೆಯಲ್ಲಿ ಪುಸ್ತಕದ ಹೆಸರಿನ ಬದಲು ವರ್ಷ, ಊರು, ವಯಸ್ಸು ಹಾಕಿ: '1837, ಬರ್ಲಿನ್, 19'. ಪುಸ್ತಕದ ಹೆಸರು ಓದುಗರಿಗೆ ಮರೆತುಹೋಗಿರುವುದಿಲ್ಲ. ಹುಡುಗನ ವಯಸ್ಸು ಮಾತ್ರ ಪುಟ ತಿರುಗಿಸಿದೊಡನೆ ಮರೆಯುತ್ತದೆ.

ಪುಸ್ತಕ ಎಲ್ಲಿ ನಿಲ್ಲಬೇಕೆನ್ನುವುದು ಲೇಖಕರ ತೀರ್ಮಾನ, ಪರಿಣಾಮ ವಿನ್ಯಾಸದ ಮೇಲೆ. 1848ರ ಕಮ್ಯುನಿಸ್ಟ್ ಪ್ರಣಾಳಿಕೆಗೆ ಮುಗಿಸಿದರೆ ಹಿಂದಿನದೆಲ್ಲ ಅದಕ್ಕೆ ಹತ್ತಿದ ಮೆಟ್ಟಿಲಾಗಿಬಿಡುತ್ತದೆ. 1843ರ ಮಾರ್ಚ್ 31ರಂದು ಪತ್ರಿಕೆಯ ಕೊನೆಯ ಸಂಚಿಕೆ ಬಂದಲ್ಲಿಗೆ ನಿಲ್ಲಿಸಿದರೆ ಪುಸ್ತಕ ಬಿಗಿಯಾಗಿರುತ್ತದೆ, ಪ್ಯಾರಿಸ್ ತಪ್ಪಿಹೋಗುತ್ತದೆ. 1845ರ ಆರಂಭದಲ್ಲಿ ಫ್ರಾನ್ಸಿನಿಂದ ಹೊರಹಾಕಿಸಿಕೊಂಡು ಬ್ರಸೆಲ್ಸ್‌ಗೆ ಹೊರಟಲ್ಲಿ ನಿಲ್ಲಿಸುವುದು ನನಗೆ ಇಷ್ಟ. ಅನುಬಂಧದ ಕಾಲಸೂಚಿಯೂ ಅಲ್ಲೇ ನಿಲ್ಲಲಿ. ಎಷ್ಟೋ ಪುಸ್ತಕಗಳಲ್ಲಿ ಬರಹ ನಿಂತರೂ ಕಾಲಸೂಚಿ ಮಾರ್ಕ್ಸ್ ಸತ್ತ 1883ರವರೆಗೆ, ಕೆಲವೊಮ್ಮೆ ರಷ್ಯದ ಕ್ರಾಂತಿಯ 1917ರವರೆಗೂ ಓಡುತ್ತದೆ.

ಕಾಗದಪತ್ರಗಳನ್ನು ತೋರಿಸುವ ಬಗೆ

ಮೂಲದ ಪಡಿಯಚ್ಚು ಹಾಕಬೇಕೋ, ಓದಲು ಅನುವಾಗುವಂತೆ ಹೊಸದಾಗಿ ಜೋಡಿಸಬೇಕೋ? ಪಡಿಯಚ್ಚಿಗೆ ಆಕರ್ಷಣೆ ಹೆಚ್ಚು, ಓದು ಶೂನ್ಯ. ಮಾರ್ಕ್ಸ್‌ನ ಕೈಬರಹ ಜರ್ಮನ್ ಬಲ್ಲವರಿಗೂ ಕಬ್ಬಿಣದ ಕಡಲೆ. ಮುಂದೆ 1862ರಲ್ಲಿ ರೈಲ್ವೆ ಕಚೇರಿಯ ಗುಮಾಸ್ತಿಕೆಯೊಂದು ಕೈತಪ್ಪಿದ್ದು ಈ ಅಕ್ಷರದ ದೆಸೆಯಿಂದಲೇ ಎಂದು ಅವನೇ ಬರೆದುಕೊಂಡಿದ್ದಾನೆ. ಆದ್ದರಿಂದ ಪಡಿಯಚ್ಚು ಅಲಂಕಾರಕ್ಕೆ ಬೇಡ, ಅದು ಏನನ್ನಾದರೂ ಸಾಧಿಸುವ ಕಡೆ ಮಾತ್ರ ಇರಲಿ.

ಅಂಥ ಒಂದು ಕಡೆ 1844ರ ಪ್ಯಾರಿಸ್ ಹಸ್ತಪ್ರತಿಗಳು. ಮೊದಲ ಹಸ್ತಪ್ರತಿಯಲ್ಲಿ ಅವನು ಹಾಳೆಗೆ ಉದ್ದುದ್ದ ಗೆರೆ ಎಳೆದು ಮೂರು ಅಂಕಣ ಮಾಡಿಕೊಂಡಿದ್ದ: ಕೂಲಿ, ಬಂಡವಾಳದ ಲಾಭ, ಭೂಮಿಯ ಗೇಣಿ. ಮೂರನ್ನೂ ಪಕ್ಕಪಕ್ಕದಲ್ಲಿ ಬರೆಯುತ್ತ ಹೋದ. 1932ರಲ್ಲಿ ಮೊದಲ ಸಲ ಪೂರ್ತಿಯಾಗಿ ಅಚ್ಚಾದಾಗ ಅವು ಒಂದರ ಹಿಂದೊಂದು ಬರುವ ಪ್ರಕರಣಗಳಾದವು. ಮಾರ್ಕ್ಸ್-ಎಂಗೆಲ್ಸ್ ಸಮಗ್ರ ಆವೃತ್ತಿಯ 1982ರ ಸಂಪುಟ ಎರಡು ರೂಪಗಳನ್ನೂ ಕೊಟ್ಟಿತು, ಬರೆದ ಕ್ರಮದ್ದೊಂದು, ಸಂಪಾದಿಸಿದ್ದೊಂದು. ಸಾಲಾಗಿ ಜೋಡಿಸಿದ ಪಾಠ ಓದಿದವರಿಗೆ ಸಿದ್ಧಾಂತಿ ಸಿಗುತ್ತಾನೆ. ಮೂರು ಅಂಕಣ ನೋಡಿದವರಿಗೆ ಇಪ್ಪತ್ತಾರರ ಹುಡುಗನೊಬ್ಬ ಅರ್ಥಶಾಸ್ತ್ರ ಕಲಿಯುತ್ತ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುತ್ತಿರುವುದು ಸಿಗುತ್ತದೆ. ಹಾಗಾಗಿ ಒಂದೆರಡು ಪುಟಗಳನ್ನಾದರೂ ಮೂರು ಅಂಕಣದಲ್ಲೇ, ಕನ್ನಡಕ್ಕೆ ತಂದು, ಜೋಡಿಸಿ. ಕಿರಿದಾದ ಅಂಕಣದಲ್ಲಿ ಉದ್ದನೆಯ ಕನ್ನಡ ಪದಗಳು ಮುರಿದು ಗೋಳು ಹುಯ್ದುಕೊಳ್ಳುತ್ತವೆ, ಬಲ ಅಂಚನ್ನು ಸಮ ಮಾಡದೆ ಬಿಟ್ಟರೆ ತಕ್ಕಮಟ್ಟಿಗೆ ಸರಿಹೋಗುತ್ತದೆ.

ಪತ್ರಗಳದ್ದು ಬೇರೆ ಸಮಸ್ಯೆ. ಅಪ್ಪ ಹೈನ್ರಿಕ್ ಮಗನಿಗೆ ಬರೆದ ಪತ್ರಗಳು ಹಲವು ಉಳಿದಿವೆ. ವಿದ್ಯಾರ್ಥಿಯಾಗಿದ್ದಾಗ ಮಗ ಬರೆದದ್ದರಲ್ಲಿ ಉಳಿದದ್ದು 1837ರ ನವೆಂಬರ್ 10ರದೊಂದೇ. ಎಡಪುಟದಲ್ಲಿ ಅಪ್ಪನ ಪತ್ರ, ಬಲಪುಟ ಖಾಲಿ ಎಂಬ ಉಪಾಯ ಯಾವ ವಿನ್ಯಾಸಕಾರರಿಗಾದರೂ ಹೊಳೆಯುತ್ತದೆ. ಒಮ್ಮೆ ಮಾಡಿದರೆ ತಟ್ಟುತ್ತದೆ, ಪದೇ ಪದೇ ಮಾಡಿದರೆ ಕಾಗದ ದಂಡ. ಡಾಕ್ಟರೇಟ್ ಪ್ರಬಂಧದ ವಿಷಯದಲ್ಲೂ ಎಚ್ಚರ ಬೇಕು. ಗ್ರೀಕ್ ತತ್ವಜ್ಞಾನಿಗಳಾದ ಡೆಮಾಕ್ರಿಟಸ್, ಎಪಿಕ್ಯೂರಸ್ ಇಬ್ಬರ ಪ್ರಕೃತಿತತ್ವದ ಮೇಲಿನ ಆ ಪ್ರಬಂಧ ನಮಗೆ ಸಿಕ್ಕಿರುವುದು ಬೇರೊಬ್ಬರು ಮಾಡಿದ ಅಪೂರ್ಣ ನಕಲಾಗಿ, ಮಾರ್ಕ್ಸ್‌ನ ತಿದ್ದುಪಡಿಗಳೊಡನೆ. ಅದರ ಪಡಿಯಚ್ಚಿನ ಕೆಳಗೆ 'ಮಾರ್ಕ್ಸ್ ಕೈಬರಹ' ಎಂದು ಹಾಕುವಂತಿಲ್ಲ.

ಚಿತ್ರಗಳು

ಹೊಳಪು ಕಾಗದದ ಮೇಲೆ ಎಲ್ಲ ಚಿತ್ರಗಳನ್ನೂ ಒಟ್ಟುಮಾಡಿ ನಡುವೆ ಸೇರಿಸುವ ಕ್ರಮ ಚೆನ್ನಾಗಿ ಅಚ್ಚಾದ ಫೋಟೊಗಳು ರಾಶಿಯಿದ್ದಾಗ ಸರಿ. ಇಲ್ಲಿ ಅದು ಕೈಕೊಡುತ್ತದೆ. ಓದುಗರು ಮೊದಲು ತೆರೆಯುವುದು ಆ ಪುಟಗಳನ್ನೇ, ಇಡೀ ಕಥೆ ಅಲ್ಲಿ ಬಯಲಾಗುತ್ತದೆ. ಕಲ್ಲಚ್ಚು, ಕೆತ್ತನೆ, ನಕ್ಷೆಗಳೆಲ್ಲ ಗೆರೆಚಿತ್ರಗಳು, ಸಾಮಾನ್ಯ ಕಾಗದದಲ್ಲೂ ಚೆನ್ನಾಗಿ ಮೂಡುತ್ತವೆ. ಆದ್ದರಿಂದ ಬರಹದ ನಡುವೆಯೇ, ಬೇಕಾದ ಜಾಗದಲ್ಲೇ ಇಡಿ. ಡಗೇರ್‌ನ ಫೋಟೊ ತಂತ್ರ ಪ್ಯಾರಿಸ್‌ನಲ್ಲಿ ಪ್ರಕಟವಾದದ್ದು 1839ರಲ್ಲಿ. ನಮ್ಮ ಹುಡುಗನ ಶಾಲೆ ಅಷ್ಟರಲ್ಲಿ ಮುಗಿದು ನಾಲ್ಕು ವರ್ಷವಾಗಿತ್ತು, ಅವನವೆಂದು ತಿಳಿದಿರುವ ಫೋಟೊಗಳು 1860ರ ದಶಕದಿಂದ ಈಚಿನವು.

ಫೋಟೊ ಇಲ್ಲದ ಜಾಗ ತುಂಬಲು ಇಪ್ಪತ್ತನೆಯ ಶತಮಾನದ ಕಲ್ಪನಾಚಿತ್ರಗಳು ಧಾರಾಳವಾಗಿ ಸಿಗುತ್ತವೆ. ಬಳಸಬಾರದೆಂದೇನಿಲ್ಲ, ಅಡಿಬರಹದಲ್ಲಿ ಚಿತ್ರ ಬರೆದ ವರ್ಷ ಇರಲೇಬೇಕು. ಮನೆಯ ಚಿತ್ರದ್ದು ಇನ್ನೊಂದು ಕಥೆ. ಟ್ರಿಯರ್‌ನ ಬ್ರೂಕನ್‌ಸ್ಟ್ರಾಸೆಯ ಮನೆ, ಈಗಿನ ವಸ್ತುಸಂಗ್ರಹಾಲಯ, ಅವನು ಹುಟ್ಟಿದ ಮನೆ ನಿಜ. ಆದರೆ ಕುಟುಂಬ 1819ರಲ್ಲೇ ಪೋರ್ಟಾ ನಿಗ್ರಾ ಬಳಿಯ ಇನ್ನೊಂದು ಮನೆಗೆ ಹೋಯಿತು. ಬಾಲ್ಯದ ಅಧ್ಯಾಯಕ್ಕೆ ಆ ರೋಮನ್ ಹೆಬ್ಬಾಗಿಲಿನ ಹಳೆಯ ಕೆತ್ತನೆಯೇ ಹತ್ತಿರದ್ದು, ಹುಡುಗ ದಿನಾ ಕಾಣುತ್ತಿದ್ದದ್ದು ಅದು.

ಎಂಗೆಲ್ಸ್‌ನ ಭಾವಚಿತ್ರ ಎಲ್ಲಿ ಬರಬೇಕು? ಇಬ್ಬರೂ ಮೊದಲು ಕಂಡದ್ದು 1842ರ ನವೆಂಬರಿನಲ್ಲಿ, ಕಲೋನ್‌ನ ಪತ್ರಿಕಾ ಕಚೇರಿಯಲ್ಲಿ. ಆ ಭೇಟಿ ತಣ್ಣಗಿತ್ತು, ಗೆಳೆತನ ಕುದುರಿದ್ದು 1844ರ ಆಗಸ್ಟಿನಲ್ಲಿ ಪ್ಯಾರಿಸ್‌ನಲ್ಲಿ. ಕಲೋನ್‌ ಪುಟದಲ್ಲಿ ದೊಡ್ಡ ಭಾವಚಿತ್ರ ಹಾಕಿದರೆ ಕಚೇರಿಗೆ ಬಂದು ಹೋದ ಅಪರಿಚಿತನ ತಲೆಯ ಸುತ್ತ ಪ್ರಭಾವಳಿ ಕಟ್ಟಿದಂತೆ. ಅಲ್ಲಿ ಅವನು ಒಂದು ಸಾಲಿನಲ್ಲಿ ಬಂದು ಹೋಗಲಿ.

ಟಿಪ್ಪಣಿ, ಅಳತೆ, ಇ-ಪುಸ್ತಕ

ಅಡಿಟಿಪ್ಪಣಿ, ಅಧ್ಯಾಯದ ಕೊನೆಯ ಟಿಪ್ಪಣಿ, ಅಂಚಿನ ಟಿಪ್ಪಣಿ, ಈ ಮೂರರಲ್ಲಿ ಹೊಸ ಓದುಗರಿಗೆ ಅಂಚಿನದು ಅನುಕೂಲ. ಬ್ರೂನೋ ಬೌವರ್ ಯಾರು, ಸೆನ್ಸಾರ್ ಹೇಗೆ ನಡೆಯುತ್ತಿತ್ತು ಎಂಬ ಎರಡು ಸಾಲಿನ ವಿವರ ಪಕ್ಕದಲ್ಲೇ ಸಿಗುತ್ತದೆ. ಇದಕ್ಕೆ ಅಗಲದ ಪುಟ ಬೇಕು. ಚಿಕ್ಕ ಅಳತೆಯಾದ ಡೆಮಿ 1/8ರಲ್ಲಿ ಅಂಚು ಹಿಂಡಿಹೋಗುತ್ತದೆ, ಅದಕ್ಕಿಂತ ಅಗಲದ ಕ್ರೌನ್ 1/4 ಆದರೆ ಸಲೀಸು, ಮೂರು ಅಂಕಣದ ಪುಟಕ್ಕೂ ಜಾಗವಾಗುತ್ತದೆ. ಖರ್ಚು ಏರುವುದು ನಿಜ. ಬಜೆಟ್ ಡೆಮಿಗಷ್ಟೇ ಇದ್ದರೆ ಅಡಿಟಿಪ್ಪಣಿಗೆ ಬನ್ನಿ. ಆಧಾರಗಳ ಪಟ್ಟಿ ಮಾತ್ರ ಕೊನೆಗೆ ಹೋಗಲಿ. ಕಾಗದ 70 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಲೆಕ್ಕ) ತೆಳುವಾದರೆ ಹಿಂಬದಿಯ ಕೆತ್ತನೆ ಈ ಬದಿಗೆ ಕಾಣುತ್ತದೆ. ಪುಟಗಳನ್ನು 16ರ ಫಾರಂಗೆ, ಅಂದರೆ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಗಳ ಕಂತೆಗೆ, ಸರಿಹೊಂದಿಸುವಾಗ ಖಾಲಿ ಉಳಿದ ಹಾಳೆಗಳಿಗೆ ಪ್ರಕಾಶನದ ಜಾಹೀರಾತು ತುಂಬುವ ಬದಲು ಊರುಗಳ ನಕ್ಷೆಗಳನ್ನು ಹಿಗ್ಗಿಸಿಕೊಳ್ಳಿ.

ಇ-ಪುಸ್ತಕವೂ ಬರುವುದಾದರೆ ಅದನ್ನು ಮೊದಲೇ ಹೇಳಿಸಿಕೊಳ್ಳಿ. ಪರದೆಗೆ ತಕ್ಕಂತೆ ಹರಿಯುವ ಪುಟದಲ್ಲಿ ಅಂಚಿನ ಟಿಪ್ಪಣಿ ನಿಲ್ಲುವುದಿಲ್ಲ, ಮೂರು ಅಂಕಣವೂ ಒಂದರ ಕೆಳಗೊಂದು ಬೀಳುತ್ತದೆ, ಪುಟದ ತಲೆಯ ವರ್ಷ-ಊರು-ವಯಸ್ಸು ಮಾಯವಾಗುತ್ತದೆ. ಅಂಕಣಗಳ ಪುಟವನ್ನು ಚಿತ್ರವಾಗಿ ಸೇರಿಸಿ, ಅದರ ಕೆಳಗೆ ಪಠ್ಯವನ್ನೂ ಕೊಡಿ. ವಯಸ್ಸನ್ನು ಪ್ರತಿ ಉಪಶೀರ್ಷಿಕೆಯೊಳಕ್ಕೇ ತನ್ನಿ.